ನರಿಯ ಜಾಡು ಹಿಡಿದ ವಿದ್ವಾಂಸರು: ರೆನಾರ್ಡ್ ಸೊಸೈಟಿಯ ಹುಟ್ಟು ಮತ್ತು ಹಿನ್ನೆಲೆ

ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಪ್ರಾಧ್ಯಾಪಕರಾಗಿದ್ದ ಕೆನೆತ್ ವಾರ್ಟಿ ಅವರು 1975ರಲ್ಲಿ ಒಂದು ವಿಚಾರ ಸಂಕಿರಣವನ್ನು ಕರೆದರು. ಮಧ್ಯಯುಗದ ಯುರೋಪಿನಲ್ಲಿ ಹುಟ್ಟಿದ ಪ್ರಾಣಿಕಾವ್ಯಗಳು, ನೀತಿಕಥೆಗಳು ಮತ್ತು ಫ್ಯಾಬ್ಲಿಯೋ ಎಂದು ಕರೆಯುವ ಫ್ರೆಂಚ್ ಹಾಸ್ಯಪದ್ಯಕಥೆಗಳು ಅದರ ವಿಷಯವಾಗಿದ್ದವು. ಆ ಸಂಕಿರಣದಿಂದ ಬೆಳೆದು ನಿಂತ ಸಂಸ್ಥೆಯೇ ಇಂಟರ್‌ನ್ಯಾಷನಲ್ ರೆನಾರ್ಡ್ ಸೊಸೈಟಿ. ರೆನಾರ್ಡ್ ಎಂಬುದು ಆ ಕಾವ್ಯಗಳ ನಾಯಕನಾದ ನರಿಯ ಹೆಸರು. ಹಳ್ಳಿಯ ಕೋಳಿ ಕದಿಯುವ ಪ್ರಾಣಿಯೊಂದರ ಹೆಸರಿನಲ್ಲಿ ಹಲವು ದೇಶಗಳ ಪ್ರಾಧ್ಯಾಪಕರು ಸಂಘ ಕಟ್ಟಿಕೊಂಡದ್ದು ಮೊದಲ ನೋಟಕ್ಕೆ ಹುಡುಗಾಟದಂತೆ ಕಾಣಬಹುದು. ಆದರೆ ಈ ಸಂಸ್ಥೆ ಏಕೆ ಬೇಕಾಯಿತು ಎಂಬುದರ ಹಿಂದೆ ಸುಮಾರು 150 ವರ್ಷಗಳ ಗಂಭೀರವಾದ ವಾದವಿವಾದವಿದೆ. ನರಿಯ ಕಥೆ ಯಾರದು, ಯಾವ ಭಾಷೆಯದು, ಅದನ್ನು ಜನ ಕಟ್ಟಿದರೋ ಪಂಡಿತರು ಬರೆದರೋ ಎಂಬ ಪ್ರಶ್ನೆಗಳನ್ನು ಯಾವ ಒಂದು ಭಾಷೆಯ ವಿಭಾಗವೂ ತನ್ನ ಕೊಠಡಿಯೊಳಗೆ ಕುಳಿತು ಬಗೆಹರಿಸುವಂತಿರಲಿಲ್ಲ.

ಕಾವ್ಯಗಳ ಹರವನ್ನು ನೋಡಿದರೆ ಈ ತೊಡಕು ಅರ್ಥವಾಗುತ್ತದೆ. 11ನೇ ಶತಮಾನದಲ್ಲಿ ಇಂದಿನ ಫ್ರಾನ್ಸಿನ ತೂಲ್ ಎಂಬಲ್ಲಿನ ಸನ್ಯಾಸಿಯೊಬ್ಬ, ಕೊಟ್ಟಿಗೆಯಿಂದ ತಪ್ಪಿಸಿಕೊಂಡು ತೋಳದ ಕೈಗೆ ಸಿಕ್ಕಿಬಿದ್ದ ಕರುವಿನ ಕಥೆಯನ್ನು ಲ್ಯಾಟಿನ್ ಪದ್ಯದಲ್ಲಿ ಬರೆದ. 12ನೇ ಶತಮಾನದ ನಡುಭಾಗದಲ್ಲಿ ಗೆಂಟ್ ನಗರದಲ್ಲಿ ‘ಇಸೆಂಗ್ರಿಮಸ್’ ಎಂಬ ಸುಮಾರು 6,500 ಸಾಲುಗಳ ಲ್ಯಾಟಿನ್ ಕಾವ್ಯ ರಚನೆಯಾಯಿತು. ಅದರಲ್ಲಿ ಸನ್ಯಾಸಿಯ ವೇಷ ತೊಟ್ಟ ದುರಾಸೆಯ ತೋಳವೇ ಮುಖ್ಯ ಪಾತ್ರ, ನರಿ ಅದರ ಎದುರಾಳಿ. 1170ರ ದಶಕದಿಂದ ಉತ್ತರ ಫ್ರಾನ್ಸಿನಲ್ಲಿ, ಪಿಯರ್ ದ ಸ್ಯಾಂ-ಕ್ಲೂ ಎಂಬ ಕವಿಯಿಂದ ಮೊದಲುಗೊಂಡು, ಹಲವರು ಬಿಡಿಬಿಡಿಯಾಗಿ ಬರೆದ ಫ್ರೆಂಚ್ ಪದ್ಯಕಥೆಗಳು ‘ರೋಮಾಂ ದ ರೆನಾರ್’ ಎಂಬ ಹೆಸರಿನಲ್ಲಿ ಒಂದುಗೂಡಿದವು. ಅದೇ ಶತಮಾನದ ಕೊನೆಗೆ ಆಲ್ಸೇಸಿನಲ್ಲಿ ಹೈನ್‌ರಿಖ್ ಎಂಬವನು ಜರ್ಮನ್ ರೂಪವನ್ನು ಬರೆದ. 13ನೇ ಶತಮಾನದ ಫ್ಲಾಂಡರ್ಸ್‌ನಲ್ಲಿ ವಿಲ್ಲೆಮ್ ಎಂಬ ಕವಿ ಡಚ್ ರೂಪವನ್ನು ಬರೆದ. ಡಚ್ ಕಥೆಯ ಗದ್ಯರೂಪವನ್ನು ವಿಲಿಯಂ ಕ್ಯಾಕ್ಸ್ಟನ್ 1481ರಲ್ಲಿ ಇಂಗ್ಲಿಷಿಗೆ ತಂದು ಅಚ್ಚು ಹಾಕಿದ. 1498ರಲ್ಲಿ ಲ್ಯೂಬೆಕ್ ನಗರದಲ್ಲಿ, ಉತ್ತರ ಜರ್ಮನಿಯ ನುಡಿಯಾದ ಕೆಳಜರ್ಮನ್‌ನ ರೂಪ ಮುದ್ರಣವಾಯಿತು. 1794ರಲ್ಲಿ ಜರ್ಮನ್ ಕವಿ ಗಯಟೆ ಅದೇ ಕಥೆಯನ್ನು 12 ಸರ್ಗಗಳ ಕಾವ್ಯವಾಗಿ ಪ್ರಕಟಿಸಿದ. ಹೀಗೆ ಒಂದೇ ಕಥೆ ಗಡಿ ದಾಟುವಾಗಲೆಲ್ಲ ಭಾಷೆ ಬದಲಿಸಿಕೊಂಡು ಬೆಳೆದಿದೆ. ಫ್ರೆಂಚ್ ಓದುವವರಿಗೆ ಡಚ್ ಬಾರದಿದ್ದರೆ, ಡಚ್ ಓದುವವರಿಗೆ ಲ್ಯಾಟಿನ್ ಹಿನ್ನೆಲೆ ತಿಳಿಯದಿದ್ದರೆ, ಕಣ್ಣಿಗೆ ಬೀಳುವುದು ಕಥೆಯ ಒಂದು ತುಂಡು ಮಾತ್ರ.

ಈ ಕಾವ್ಯಗಳು ಎಂತಹವು ಎಂಬುದಕ್ಕೆ ವಿಲ್ಲೆಮ್‌ನ ಡಚ್ ಕಾವ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಇಡೀ ಪರಂಪರೆಯಲ್ಲಿ ಕಟ್ಟಡ ಇಷ್ಟು ಬಿಗಿಯಾಗಿರುವ ಕೃತಿ ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಪೆಂಟೆಕೋಸ್ಟ್ ಹಬ್ಬದ ದಿನ ಸಿಂಹರಾಜ ನೊಬೆಲ್ ಒಡ್ಡೋಲಗ ಕರೆಯುತ್ತಾನೆ; ಎಲ್ಲ ಪ್ರಾಣಿಗಳೂ ಬರುತ್ತವೆ, ನರಿ ರೆನಾರ್ಟ್ (ರೆನಾರ್ಡ್ ಹೆಸರಿನ ಡಚ್ ರೂಪ) ಮಾತ್ರ ಬರುವುದಿಲ್ಲ. ತೋಳ ದೂರು ಕೊಡುತ್ತದೆ. ಹುಂಜ ತನ್ನ ಮಗಳಾದ ಹೇಂಟೆಯ ಹೆಣವನ್ನು ಚಟ್ಟದ ಮೇಲೆ ಹೊರಿಸಿಕೊಂಡು ಬಂದು ನ್ಯಾಯ ಕೇಳುತ್ತದೆ. ನರಿಯನ್ನು ಕರೆತರಲು ಹೋದ ಕರಡಿ ಜೇನಿನ ಆಸೆಗೆ ಸೀಳಿದ ಮರದಲ್ಲಿ ಸಿಕ್ಕಿಕೊಂಡು ಊರವರಿಂದ ಪೆಟ್ಟು ತಿನ್ನುತ್ತದೆ. ಬೆಕ್ಕು ಇಲಿಯ ಆಸೆಗೆ ಉರುಳಿಗೆ ಬೀಳುತ್ತದೆ. ಕೊನೆಗೆ ಸಂಬಂಧಿಯಾದ ಗ್ರಿಂಬೇರ್ಟ್ ಎಂಬ, ಬಿಲ ತೋಡಿ ಬದುಕುವ ಪ್ರಾಣಿಯಾದ ಬ್ಯಾಜರ್‌ನ ಮಾತಿಗೆ ನರಿ ಹೊರಟುಬರುತ್ತದೆ. ವಿಚಾರಣೆ ನಡೆದು ಗಲ್ಲುಶಿಕ್ಷೆ ವಿಧಿಸಲಾಗುತ್ತದೆ.

ನೇಣುಗಂಬದ ಕೆಳಗೆ ನಿಂತು ನರಿ ಹೇಳುವ ಸುಳ್ಳು ಈ ಕಾವ್ಯದ ಹೃದಯ. ತನ್ನ ಸ್ವಂತ ತಂದೆಯೇ, ಹಿಂದೊಮ್ಮೆ ಆಳಿದ ಎರ್ಮೆನ್‌ರಿಕ್ ಎಂಬ ದೊರೆಯ ನಿಧಿಯನ್ನು ಪತ್ತೆಹಚ್ಚಿ, ಕರಡಿ, ತೋಳ, ಬೆಕ್ಕುಗಳೊಡನೆ ಸೇರಿ ನೊಬೆಲ್‌ನನ್ನು ಕೆಳಗಿಳಿಸಿ ಕರಡಿಯನ್ನು ಸಿಂಹಾಸನದ ಮೇಲೆ ಕೂರಿಸುವ ಪಿತೂರಿ ನಡೆಸಿದ್ದನೆಂದೂ, ರಾಜನಿಗಾಗಿ ತಾನೇ ಆ ನಿಧಿಯನ್ನು ಕದ್ದು ಹೂತಿಟ್ಟಿರುವೆನೆಂದೂ ಅದು ಹೇಳುತ್ತದೆ. ಸುಳ್ಳನ್ನು ನಂಬಿಸಲು ತನ್ನನ್ನು ಕಾಪಾಡಲು ನಿಂತಿದ್ದ ಗ್ರಿಂಬೇರ್ಟ್‌ನ ಹೆಸರನ್ನೂ ಪಿತೂರಿಗಾರರ ಸಾಲಿಗೆ ಸೇರಿಸಲು ಅದು ಹಿಂಜರಿಯುವುದಿಲ್ಲ. ನಿಧಿ ಹುದುಗಿರುವ ಜಾಗ ಹುಲ್ಸ್ಟರ್‌ಲೊ ಎಂಬ ಕಾಡಿನ ಬಳಿಯ ಬಾವಿ. ಹುಲ್ಸ್ಟರ್‌ಲೊ ಇಂದಿನ ನೆದರ್‌ಲೆಂಡ್ಸ್‌ನ ದಕ್ಷಿಣ ಅಂಚಿನಲ್ಲಿರುವ ಹುಲ್ಸ್ಟ್ ಪಟ್ಟಣದ ಬಳಿ ನಿಜವಾಗಿಯೂ ಇದ್ದ ಸ್ಥಳ. ಕೇಳುಗರಿಗೆ ಪರಿಚಿತವಾದ ನೆಲದ ಮೇಲೆ ಕವಿ ಇಲ್ಲದ ನಿಧಿಯನ್ನು ಹೂಳುತ್ತಾನೆ. ಅಂತಹ ಬಾವಿ ಇದೆಯೇ ಎಂದು ರಾಜ ಅನುಮಾನಪಟ್ಟಾಗ, ಸಭೆಯಲ್ಲಿದ್ದ ಮೊಲವನ್ನು ಕರೆದು ಸಾಕ್ಷಿ ಹೇಳಿಸಲಾಗುತ್ತದೆ. ಬಾವಿ ಇರುವುದು ನಿಜವೆಂದು ಮೊಲ ಹೇಳುತ್ತದೆ. ಅದು ಹೇಳಿದ್ದು ಅಷ್ಟೇ. ಬಾವಿ ಇದೆ ಎಂಬ ಸತ್ಯ ನಿಧಿ ಇದೆ ಎಂಬ ಸುಳ್ಳಿಗೆ ಆಧಾರವಾಗಿಬಿಡುತ್ತದೆ. ರಾಜ, ರಾಣಿ ಇಬ್ಬರೂ ಆಸೆಗೆ ಬಿದ್ದು ನರಿಯನ್ನು ಕ್ಷಮಿಸುತ್ತಾರೆ. ರೋಮಿಗೆ ಯಾತ್ರೆ ಹೊರಟಿರುವೆನೆಂದು ಹೇಳಿ ನರಿ ಕರಡಿಯ ಬೆನ್ನಿನ ಚರ್ಮದಿಂದ ಜೋಳಿಗೆಯನ್ನೂ, ತೋಳ ದಂಪತಿಗಳ ಕಾಲಿನ ಚರ್ಮದಿಂದ ಪಾದರಕ್ಷೆಯನ್ನೂ ಪಡೆಯುತ್ತದೆ. ಸಾಕ್ಷಿ ಹೇಳಿದ ಅದೇ ಮೊಲವನ್ನು ತನ್ನ ಬಿಲದೊಳಗೆ ಕೊಂದು, ತಲೆಯನ್ನು ಜೋಳಿಗೆಗೆ ಹಾಕಿ, ಒಳಗೆ ಪತ್ರವಿದೆಯೆಂದು ನಂಬಿಸಿ ಟಗರಿನ ಕೈಯಲ್ಲಿ ಅರಮನೆಗೆ ಕಳುಹಿಸುತ್ತದೆ. ಪತ್ರ ರಚಿಸುವುದರಲ್ಲಿ ತನ್ನ ಪಾಲೂ ಇದೆಯೆಂದು ಟಗರು ಸಭೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡ ಮೇಲೆ ಜೋಳಿಗೆ ಬಿಚ್ಚಲಾಗುತ್ತದೆ.

ಇದನ್ನು ಮಕ್ಕಳ ಕಥೆಯೆಂದು ಬದಿಗಿಡಲು ಸಾಧ್ಯವಿಲ್ಲ. ದೂರು, ಸಮನ್ಸು, ಸಾಕ್ಷಿ, ತೀರ್ಪು, ಕ್ಷಮಾದಾನ ಎಂಬ ನ್ಯಾಯವಿಧಾನದ ಪ್ರತಿ ಹಂತವೂ ಇಲ್ಲಿ ಕ್ರಮಬದ್ಧವಾಗಿ ನಡೆಯುತ್ತದೆ, ಮತ್ತು ಪ್ರತಿ ಹಂತವನ್ನೂ ಆಳುವವರ ಆಸೆ ಒಳಗಿನಿಂದ ಕೊರೆಯುತ್ತದೆ. ಕಾನೂನಿನ ಇತಿಹಾಸ ಬಲ್ಲವರು, ಚರ್ಚಿನ ಆಚರಣೆ ಬಲ್ಲವರು, ಹಳೆಯ ಡಚ್ ಬಲ್ಲವರು, ಇದರ ಫ್ರೆಂಚ್ ಮೂಲವನ್ನು ಬಲ್ಲವರು ಒಟ್ಟಿಗೆ ಕುಳಿತಾಗಲೇ ಇಂತಹ ಪಠ್ಯ ಪೂರ್ತಿಯಾಗಿ ತೆರೆದುಕೊಳ್ಳುತ್ತದೆ.

ಆದರೆ 19ನೇ ಶತಮಾನದಲ್ಲಿ ಈ ಕಥೆಗಳ ಅಧ್ಯಯನ ಆರಂಭವಾದಾಗ ವಿದ್ವಾಂಸರು ಒಟ್ಟಿಗೆ ಕುಳಿತಿರಲಿಲ್ಲ. 1826ರಲ್ಲಿ ಮೆಯೋಂ ಫ್ರೆಂಚ್ ಪದ್ಯಗಳ ಮೊದಲ ದೊಡ್ಡ ಆವೃತ್ತಿಯನ್ನು ಪ್ರಕಟಿಸಿದ. 1834ರಲ್ಲಿ, ತಮ್ಮನೊಡನೆ ಜಾನಪದ ಕಥೆಗಳನ್ನು ಸಂಗ್ರಹಿಸಿ ಹೆಸರಾಗಿದ್ದ ಯಾಕೋಬ್ ಗ್ರಿಮ್ ‘ರೈನ್‌ಹಾರ್ಟ್ ಫುಕ್ಸ್’ ಎಂಬ ಗ್ರಂಥವನ್ನು ಹೊರತಂದು, ನರಿ ಮತ್ತು ತೋಳದ ಕಥೆಗಳು ಪ್ರಾಚೀನ ಜರ್ಮಾನಿಕ್ ಜನಾಂಗಗಳ ನಡುವೆ ಬಾಯಿಂದ ಬಾಯಿಗೆ ಬಂದ ಒಂದು ಆದಿಮ ಪ್ರಾಣಿಪುರಾಣದ ಅವಶೇಷಗಳೆಂದು ವಾದಿಸಿದ. ಹಾಗೆ ನೋಡಿದರೆ ಫ್ರೆಂಚ್ ಕವಿಗಳು ಜರ್ಮನರ ಪಿತ್ರಾರ್ಜಿತವನ್ನು ಬರೆದಿಟ್ಟವರು ಮಾತ್ರ ಆಗುತ್ತಾರೆ. ಫ್ರಾನ್ಸಿನಲ್ಲಿ ಇದನ್ನು ಒಪ್ಪದವರು ಬಹಳ ಮಂದಿ. 1893ರಲ್ಲಿ ಲಿಯೊಪೋಲ್ಡ್ ಸ್ಯೂದ್ರ್ ಕಥೆಗಳ ಬೇರು ಎಲ್ಲೆಡೆ ಹರಡಿದ್ದ ಜನಪದ ಕಥೆಗಳಲ್ಲಿದೆ ಎಂದ. 1914ರಲ್ಲಿ ಲೂಸಿಯೆನ್ ಫೂಲೆ ಇನ್ನೊಂದು ತುದಿಗೆ ಹೋಗಿ, ಇವು ಲ್ಯಾಟಿನ್ ಓದಿಕೊಂಡ ಕವಿಗಳು ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ರಚಿಸಿದ ಕೃತಿಗಳು, ‘ಇಸೆಂಗ್ರಿಮಸ್’ ಅವುಗಳ ಮುಖ್ಯ ಆಕರ ಎಂದು ತೋರಿಸಲು ಹೊರಟ.

ಈ ವಾದದಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಸಣ್ಣ ಸಾಕ್ಷ್ಯವಿದೆ. 1112ರಲ್ಲಿ ಉತ್ತರ ಫ್ರಾನ್ಸಿನ ಲಾಂ ನಗರದ ಜನ ತಮ್ಮ ಬಿಷಪ್ ಗೋದ್ರಿಯ ವಿರುದ್ಧ ದಂಗೆಯೆದ್ದರು. ಗಿಬೇರ್ ದ ನೋಜಾಂ ಎಂಬ ಮಠಾಧಿಪತಿ ಆ ಘಟನೆಯನ್ನು ಕೆಲವೇ ವರ್ಷಗಳಲ್ಲಿ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ. ಬಿಷಪ್ ಪೀಪಾಯಿಯೊಂದರೊಳಗೆ ಅಡಗಿ ಕುಳಿತಿದ್ದ. ದಂಗೆಕೋರರಲ್ಲಿ ಒಬ್ಬನ ಮುಖ ತೋಳದಂತಿದೆಯೆಂದು ಈ ಬಿಷಪ್ಪನೇ ಅವನನ್ನು ಇಸೆಂಗ್ರಿನ್ ಎಂದು ಕರೆದು ಹಂಗಿಸುತ್ತಿದ್ದ. ಪೀಪಾಯಿಯ ಮುಚ್ಚಳ ತೆಗೆದಾಗ ಆ ಮನುಷ್ಯ ಅದೇ ಹೆಸರನ್ನು ಬಿಷಪ್ಪನಿಗೇ ತಿರುಗಿಸಿ, ಇಲ್ಲಿ ಅವಿತಿರುವವನು ಇಸೆಂಗ್ರಿನ್ ಪ್ರಭುವೇ ಎಂದು ಕೇಳಿದನಂತೆ. ಕೆಲವರು ತೋಳವನ್ನು ಹೀಗೆ ಕರೆಯುತ್ತಾರೆ ಎಂದು ಗಿಬೇರ್ ಸೇರಿಸುತ್ತಾನೆ. ‘ಇಸೆಂಗ್ರಿಮಸ್’ ಕಾವ್ಯಕ್ಕಿಂತ ಮೂರು ದಶಕಗಳಿಗೂ ಮೊದಲೇ ತೋಳದ ಹೆಸರು ಜನರ ಬಾಯಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಪುರಾವೆ ಬೇಕಿಲ್ಲ. ಹಾಗೆಂದು ಒಂದು ಹೆಸರಿನಿಂದ ಇಡೀ ಪ್ರಾಣಿಪುರಾಣವೊಂದು ಇತ್ತೆಂದು ಸಾಧಿಸಲೂ ಬರುವುದಿಲ್ಲ. ಗ್ರಿಮ್‌ನ ಪಕ್ಷವೂ ಫೂಲೆಯ ಪಕ್ಷವೂ ತಮ್ಮ ತಮ್ಮ ತುದಿಗಳಲ್ಲಿ ನಿಲ್ಲಲಾಗದಂತೆ ಮಾಡುವ ಸಾಕ್ಷ್ಯ ಇದು. ಮುಂದಿನ ತಲೆಮಾರು ಬಾಯಿಮಾತು ಮತ್ತು ಬರಹ ಎರಡೂ ಒಂದನ್ನೊಂದು ಪೋಷಿಸಿದ ಬಗೆಯನ್ನು ಹುಡುಕಲು ತೊಡಗಿತು. 1959ರಲ್ಲಿ ಹಾನ್ಸ್ ರೋಬರ್ಟ್ ಯೌಸ್ ಈ ಪ್ರಾಣಿಕಾವ್ಯಗಳ ಬಗ್ಗೆ ಬರೆದ ಗ್ರಂಥ ಮೂಲದ ಜಗಳದಿಂದ ಗಮನವನ್ನು ತಿರುಗಿಸಿ, ಅಂದಿನ ಕೇಳುಗರಿಗೆ ಅವು ಏನಾಗಿದ್ದವು ಎಂಬ ಕಡೆಗೆ ಒಯ್ದಿತು.

1972ರ ಮೇ ತಿಂಗಳಲ್ಲಿ ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದಲ್ಲಿ ಮಧ್ಯಯುಗದ ಪ್ರಾಣಿಕಾವ್ಯವನ್ನೇ ಕುರಿತ ಒಂದು ಅಂತರರಾಷ್ಟ್ರೀಯ ಸಂಕಿರಣ ನಡೆಯಿತು. ಮೂರು ವರ್ಷಗಳ ನಂತರ ಗ್ಲಾಸ್ಗೋದಲ್ಲಿ ವಾರ್ಟಿ ಹಿಡಿದದ್ದು ಇದೇ ದಾರಿ, ಆದರೆ ವ್ಯಾಪ್ತಿಯನ್ನು ಹಿಗ್ಗಿಸಿ. ಅವರ ಸ್ವಂತ ಅಧ್ಯಯನವೇ ಅವರನ್ನು ಗಡಿ ದಾಟುವಂತೆ ಮಾಡಿತ್ತು. 1967ರಲ್ಲಿ ಅವರು ಪ್ರಕಟಿಸಿದ ಗ್ರಂಥ ಮಧ್ಯಯುಗದ ಇಂಗ್ಲೆಂಡಿನ ಕಲೆಯಲ್ಲಿ ಕಾಣುವ ನರಿಯನ್ನು ಕುರಿತದ್ದು. ಇಂಗ್ಲಿಷ್ ಚರ್ಚುಗಳಲ್ಲಿ ಪಾದ್ರಿಗಳು ಗಂಟೆಗಟ್ಟಲೆ ನಿಂತು ಪ್ರಾರ್ಥನೆ ಸಲ್ಲಿಸಬೇಕಾಗುತ್ತಿತ್ತು. ಮಡಚುವ ಆಸನದ ಅಡಿಭಾಗದಲ್ಲಿ, ನಿಂತವರು ಸ್ವಲ್ಪ ಆನಿಕೊಳ್ಳಲು ಒಂದು ಚಾಚು ಇರುತ್ತಿತ್ತು. ಆ ಚಾಚಿನ ಕೆಳಗೆ ಮರಗೆಲಸದವರು ಚಿತ್ರಗಳನ್ನು ಕೆತ್ತುತ್ತಿದ್ದರು. ರಿಪನ್ ನಗರದ ಚರ್ಚಿನಲ್ಲಿ ನರಿ ಪೀಠದ ಮೇಲೆ ನಿಂತು ಬಾತು ಮತ್ತು ಹುಂಜಕ್ಕೆ ಧರ್ಮೋಪದೇಶ ಮಾಡುತ್ತದೆ. ಬ್ರಿಸ್ಟಲ್‌ನ ಕೆತ್ತನೆಗಳಲ್ಲಿ ರೆನಾರ್ಡ್ ಕಥೆಯ ಪ್ರಸಂಗಗಳೇ ಇವೆ. ನರಿಯ ಚಿತ್ರ ಕಂಡಲ್ಲೆಲ್ಲ ರೆನಾರ್ಡ್ ಕಾವ್ಯವೇ ಮೂಲವೆಂದು ಹೇಳಲು ಬರುವುದಿಲ್ಲ, ಏಕೆಂದರೆ ಗಾದೆಗಳಲ್ಲಿ, ಪ್ರವಚನಗಳಲ್ಲಿ, ಬೇಟೆಯ ನಿತ್ಯಾನುಭವದಲ್ಲಿ ಕೂಡ ನರಿ ಇತ್ತು. ಯಾವ ಕೆತ್ತನೆಗೆ ಯಾವ ಕಥೆ ಆಧಾರ ಎಂದು ಬಿಡಿಸಿ ನೋಡಲು ಫ್ರೆಂಚ್ ಪದ್ಯ, ಡಚ್ ಗದ್ಯ, ಇಂಗ್ಲಿಷ್ ಮುದ್ರಣ, ಮರದಚ್ಚಿನ ಚಿತ್ರ ಎಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಬೇಕಿತ್ತು. ಇಂತಹ ಕೆಲಸಕ್ಕೆ ಬೇರೆ ಬೇರೆ ದೇಶಗಳ ಜೊತೆಗಾರರು ಅನಿವಾರ್ಯ.

ಗ್ಲಾಸ್ಗೋದ ನಂತರ ಎರಡು ವರ್ಷಕ್ಕೊಮ್ಮೆ ಸೇರುವ ಪದ್ಧತಿ ಬೆಳೆಯಿತು: 1977ರಲ್ಲಿ ಆಮ್‌ಸ್ಟರ್‌ಡ್ಯಾಮ್, 1979ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್, 1981ರಲ್ಲಿ ಫ್ರಾನ್ಸಿನ ಎವ್ರೂ, 1983ರಲ್ಲಿ ಇಟಲಿಯ ಟುರಿನ್ ಮತ್ತು ಸೇಂಟ್ ವಿನ್ಸೆಂಟ್. ಈ ಊರುಗಳ ಸಾಲಿನಲ್ಲಿಯೇ ಸಂಸ್ಥೆಯ ಸ್ವಭಾವ ಕಾಣುತ್ತದೆ. ಒಂದು ಶತಮಾನದ ಹಿಂದೆ ನರಿಯನ್ನು ತಮ್ಮದೆಂದು ಎಳೆದಾಡಿದ್ದ ದೇಶಗಳ ಪಂಡಿತರು ಈಗ ಸರದಿಯಂತೆ ಒಬ್ಬರನ್ನೊಬ್ಬರು ಬರಮಾಡಿಕೊಳ್ಳುತ್ತಿದ್ದರು.

ಪ್ರಾಣಿಕಾವ್ಯದ ಜೊತೆಗೆ ನೀತಿಕಥೆ ಮತ್ತು ಫ್ಯಾಬ್ಲಿಯೋಗಳನ್ನು ಏಕೆ ಸೇರಿಸಿಕೊಂಡರು ಎಂಬ ಪ್ರಶ್ನೆ ಸಹಜ. ನೀತಿಕಥೆಯ ಸಂಬಂಧ ಸುಲಭವಾಗಿ ತಿಳಿಯುತ್ತದೆ. ಅದರಲ್ಲಿ ಪ್ರಾಣಿಗಳಿಗೆ ಸಾಮಾನ್ಯವಾಗಿ ಹೆಸರಿಲ್ಲ. ಒಂದು ನರಿ, ಒಂದು ಕಾಗೆ, ಒಂದು ಘಟನೆ, ಕೊನೆಗೊಂದು ನೀತಿ. ಪ್ರಾಣಿಕಾವ್ಯದಲ್ಲಿ ಅದೇ ನರಿಗೆ ಹೆಸರು, ಹೆಂಡತಿ, ಕೋಟೆ, ಹಳೆಯ ದ್ವೇಷ ಎಲ್ಲವೂ ಬರುತ್ತವೆ, ನೀತಿ ಹಿಂದೆ ಸರಿಯುತ್ತದೆ. ಇವೆರಡರ ನಡುವಣ ಗೋಡೆ ಮಧ್ಯಯುಗದಲ್ಲಿಯೇ ತೆಳುವಾಗಿತ್ತು: 13ನೇ ಶತಮಾನದ ಇಂಗ್ಲಿಷ್ ಪ್ರವಚನಕಾರ ಓಡೋ ಆಫ್ ಚೆರಿಟನ್ ತನ್ನ ಲ್ಯಾಟಿನ್ ನೀತಿಕಥೆಗಳಲ್ಲಿ ಕಾವ್ಯದ ಪ್ರಾಣಿಗಳ ಹೆಸರುಗಳನ್ನೇ ಬಳಸಿದ್ದಾನೆ. ಫ್ಯಾಬ್ಲಿಯೋಗಳಲ್ಲಿ ಮನುಷ್ಯರದ್ದೇ ಪಾತ್ರ, ಆದರೆ ಮೋಸಗಾರ ಪಾದ್ರಿ, ಜಾಣ ಹೆಂಡತಿ, ದಡ್ಡ ಗಂಡ ಇವರ ಲೋಕ ರೆನಾರ್‌ನ ಲೋಕವೇ. ಛಂದಸ್ಸೂ ಅದೇ ಎಂಟು ಅಕ್ಷರಗಳ ಪ್ರಾಸದ ಜೋಡಿಸಾಲು, ಕಾಲವೂ ಬಹುಮಟ್ಟಿಗೆ ಅದೇ. ಇವುಗಳಿಂದ ಬೇರೆಯಾಗಿ ನಿಲ್ಲುವುದು ಬೆಸ್ಟಿಯರಿ ಎಂಬ ಪ್ರಾಣಿವರ್ಣನೆಯ ಗ್ರಂಥಗಳು. ಅಲ್ಲಿ ಸತ್ತಂತೆ ಬಿದ್ದು ಹಕ್ಕಿ ಹಿಡಿಯುವ ನರಿ ಸೈತಾನನ ಸಂಕೇತ, ಕಥೆಯ ಪಾತ್ರವಲ್ಲ. ಆದರೂ ಆ ಉಪಾಯವನ್ನು ಕವಿಗಳು ಕಾವ್ಯಕ್ಕೂ ತಂದುಕೊಂಡರು: ದಾರಿಯಲ್ಲಿ ಸತ್ತಂತೆ ಮಲಗಿ ಮೀನಿನ ಗಾಡಿಗೆ ಎಸೆಯಿಸಿಕೊಂಡು ಹೊಟ್ಟೆ ತುಂಬ ತಿನ್ನುವ ರೆನಾರ್ ಅದೇ ನರಿ.

ಸಂಸ್ಥೆಯ ಸದಸ್ಯರ ಎದುರಿಗಿದ್ದ ಇನ್ನೊಂದು ದೊಡ್ಡ ಕೆಲಸ ಗ್ರಂಥಸಂಪಾದನೆಗೆ ಸಂಬಂಧಿಸಿದ್ದು, ಕನ್ನಡದಲ್ಲಿ ಪಾಠಾಂತರಗಳ ಸಮಸ್ಯೆಯನ್ನು ಬಲ್ಲವರಿಗೆ ಇದು ಹೊಸದಲ್ಲ. ಫ್ರೆಂಚ್ ‘ರೋಮಾಂ’ ಒಂದೇ ಗ್ರಂಥವಲ್ಲ. ಸುಮಾರು 25,000 ಸಾಲುಗಳಷ್ಟಾಗುವ, ಶಾಖೆಗಳೆಂದು ಕರೆಯುವ ಇಪ್ಪತ್ತಕ್ಕೂ ಹೆಚ್ಚು ಬಿಡಿ ಕಥೆಗಳ ಸಂಕಲನ. ಹಸ್ತಪ್ರತಿಗಳು ಮುಖ್ಯವಾಗಿ ಮೂರು ಗುಂಪುಗಳಾಗಿ ಒಡೆಯುತ್ತವೆ, ಶಾಖೆಗಳ ಅನುಕ್ರಮ ಒಂದೊಂದರಲ್ಲಿ ಒಂದೊಂದು ರೀತಿ. ಯಾವ ಹಸ್ತಪ್ರತಿಯನ್ನು ಆಧಾರವಾಗಿಟ್ಟುಕೊಳ್ಳುತ್ತೇವೆ ಎಂಬುದರ ಮೇಲೆ ರೆನಾರ್‌ನ ಬದುಕಿನ ಕಥೆಯೇ ಬೇರೆಯಾಗುತ್ತದೆ. ಎರ್ನ್‌ಸ್ಟ್ ಮಾರ್ಟಿನ್ 1882ರಿಂದ 1887ರವರೆಗೆ ಮೊದಲ ಗುಂಪಿನ ಆಧಾರದ ಮೇಲೆ ಸಂಪಾದಿಸಿದ. ಮಾರಿಯೋ ರೋಕ್ 1948ರಿಂದ ಎರಡನೆಯ ಗುಂಪನ್ನು ಆಯ್ದುಕೊಂಡ. ಮೂರನೆಯ ಗುಂಪಿನ ಆವೃತ್ತಿ 1983 ಮತ್ತು 1985ರಲ್ಲಿ ಎರಡು ಸಂಪುಟಗಳಾಗಿ ಹೊರಬಂದದ್ದು ಟೋಕಿಯೋದಿಂದ: ನಾಓಯುಕಿ ಫುಕುಮೊಟೊ, ನೊಬೊರು ಹರಾನೊ, ಸತೋರು ಸುಜುಕಿ ಎಂಬ ಮೂವರು ಜಪಾನೀ ವಿದ್ವಾಂಸರು ಅದನ್ನು ಸಂಪಾದಿಸಿದರು. ಫ್ರೆಂಚರೋ ಜರ್ಮನರೋ ಎಂಬ ಹಳೆಯ ಜಗಳ ಎಷ್ಟು ಹಿಂದೆ ಉಳಿಯಿತು ಎಂಬುದನ್ನು ಈ ಆವೃತ್ತಿಯಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಕಾಣುವುದಿಲ್ಲ.

1988ರಲ್ಲಿ ಸಂಸ್ಥೆ ‘ರೈನಾರ್ಡಸ್’ ಎಂಬ ವಾರ್ಷಿಕ ಸಂಪುಟವನ್ನು ಆರಂಭಿಸಿತು. ಬ್ರಯನ್ ಲೆವಿ ಮತ್ತು ಡಚ್ ವಿದ್ವಾಂಸ ಪಾಲ್ ವಾಕರ್ಸ್ ಅದರ ಮೊದಲ ಸಂಪಾದಕರು; ಇಂದಿನ ಪ್ರಕಾಶಕರು ಆಮ್‌ಸ್ಟರ್‌ಡ್ಯಾಮಿನ ಜಾನ್ ಬೆಂಜಮಿನ್ಸ್. ಒಂದೇ ಸಂಪುಟದಲ್ಲಿ ಇಂಗ್ಲಿಷ್, ಫ್ರೆಂಚ್, ಜರ್ಮನ್ ಲೇಖನಗಳು ಅನುವಾದವಿಲ್ಲದೆ ಒಟ್ಟಿಗೆ ಬರುತ್ತವೆ. ಸಂಕಿರಣಗಳಲ್ಲಿ ಓದಿದ ಪ್ರಬಂಧಗಳು ಅಲ್ಲಿಯವರೆಗೆ ಬೇರೆ ಬೇರೆ ದೇಶಗಳ ಬೇರೆ ಬೇರೆ ಪ್ರಕಾಶಕರಲ್ಲಿ ಚದುರಿಹೋಗುತ್ತಿದ್ದವು; ಈಗ ಅವುಗಳಿಗೆ ಖಾಯಂ ನೆಲೆ ಸಿಕ್ಕಿತು. ವಾರ್ಟಿ 1998ರಲ್ಲಿ ‘ರೋಮಾಂ ದ ರೆನಾರ್’ ಕುರಿತ ಅಧ್ಯಯನಗಳಿಗೆಲ್ಲ ಒಂದು ಕೈಪಿಡಿಯನ್ನೂ, ಮರುವರ್ಷ ಇಂಗ್ಲೆಂಡಿನ ನರಿಚಿತ್ರಗಳ ಬಗ್ಗೆ ಮೂರು ದಶಕಗಳ ಹಿಂದಿನ ತಮ್ಮ ಗ್ರಂಥವನ್ನು ವಿಸ್ತರಿಸಿದ ಪುಸ್ತಕವನ್ನೂ ಪ್ರಕಟಿಸಿದರು.

ನೀತಿಕಥೆಯನ್ನು ವ್ಯಾಪ್ತಿಯೊಳಗೆ ತಂದುಕೊಂಡ ಕೂಡಲೇ ಈ ಕ್ಷೇತ್ರ ಭಾರತವನ್ನೂ ಮುಟ್ಟುತ್ತದೆ. ಪಂಚತಂತ್ರ 6ನೇ ಶತಮಾನದಲ್ಲಿ ಹಳೆಯ ಪರ್ಷಿಯದ ಪಹ್ಲವಿ ಭಾಷೆಗೆ, 8ನೇ ಶತಮಾನದಲ್ಲಿ ಇಬ್ನ್ ಅಲ್ ಮುಖಫ್ಫನಿಂದ ‘ಕಲೀಲ ವ ದಿಮ್ನ’ ಎಂದು ಅರಬ್ಬಿಗೆ, ಅಲ್ಲಿಂದ ಹೀಬ್ರೂ, ಲ್ಯಾಟಿನ್, ಸ್ಪ್ಯಾನಿಷ್ ಭಾಷೆಗಳಿಗೆ ಹೋಯಿತು. ಇನ್ನೊಂದು ಕವಲು ದಕ್ಷಿಣದಲ್ಲಿ ಹರಿಯಿತು: ಕಲ್ಯಾಣದ ಚಾಲುಕ್ಯ ದೊರೆ ಜಯಸಿಂಹನ ಬಳಿ ಸಂಧಿವಿಗ್ರಹಿಯಾಗಿದ್ದ (ಯುದ್ಧ ಮತ್ತು ಸಂಧಿಗಳ ಮಂತ್ರಿ) ದುರ್ಗಸಿಂಹ 11ನೇ ಶತಮಾನದಲ್ಲಿ, ವಿಷ್ಣುಶರ್ಮನ ಪಾಠವನ್ನು ಬಿಟ್ಟು ವಸುಭಾಗಭಟ್ಟನ ಪಾಠವನ್ನು ಅನುಸರಿಸಿ, ಕನ್ನಡ ಪಂಚತಂತ್ರವನ್ನು ಚಂಪುವಾಗಿ ರಚಿಸಿದ. ಪಂಚತಂತ್ರದ ಆಗ್ನೇಯ ಏಷ್ಯಾದ ರೂಪಗಳಾದ ತಂತ್ರಿ ಕಥೆಗಳಿಗೂ ಈ ವಸುಭಾಗ ಪರಂಪರೆಗೂ ಇರುವ ನಂಟನ್ನು ಗುರುತಿಸುವಲ್ಲಿ ಮೈಸೂರಿನ ವಿದ್ವಾಂಸ ಎ. ವೆಂಕಟಸುಬ್ಬಯ್ಯನವರ ಅಧ್ಯಯನ ಮುಖ್ಯವಾದದ್ದು. ತೂಲಿನ ಸನ್ಯಾಸಿ ಕರುವಿನ ಕಥೆ ಬರೆದದ್ದೂ ಅದೇ ಶತಮಾನದಲ್ಲಿ, ಆದರೆ ಕಾಲ ಒಂದೇ ಎಂಬುದನ್ನು ಬಿಟ್ಟರೆ ಇವೆರಡರ ನಡುವೆ ನೇರ ಸಂಬಂಧವಿಲ್ಲ. ಸಿಂಹದ ಆಸ್ಥಾನದಲ್ಲಿ ಮಾತಿನಿಂದಲೇ ಕೊಲೆ ಮಾಡಿಸುವ ಪಂಚತಂತ್ರದ ನರಿ ದಮನಕನನ್ನೂ ನೇಣುಗಂಬದ ಕೆಳಗಿನ ರೆನಾರ್ಟ್‌ನನ್ನೂ ಒಟ್ಟಿಗೆ ಓದಿದರೆ ಒಬ್ಬನಿಂದ ಇನ್ನೊಬ್ಬ ಹುಟ್ಟಿದನೆಂದು ಹೇಳುವ ಆಸೆ ಹುಟ್ಟುತ್ತದೆ. 1859ರಲ್ಲಿ ಪಂಚತಂತ್ರವನ್ನು ಜರ್ಮನ್ ಭಾಷೆಗೆ ಅನುವಾದಿಸಿ ಯುರೋಪಿನ ಕಥೆಗಳ ತವರು ಭಾರತವೆಂದು ವಾದಿಸಿದ ಥಿಯೋಡರ್ ಬೆನ್‌ಫೈ ಕೂಡ ಪ್ರಾಣಿ ನೀತಿಕಥೆಗಳಿಗೆ ಮಾತ್ರ ವಿನಾಯಿತಿ ಕೊಟ್ಟು, ಅವು ಬಹುಮಟ್ಟಿಗೆ ಗ್ರೀಕರಿಂದ ಬಂದವೆಂದು ಭಾವಿಸಿದ್ದ. ಫ್ಯಾಬ್ಲಿಯೋಗಳ ವಿಷಯದಲ್ಲಿ ಭಾರತಮೂಲದ ವಾದವನ್ನು 1893ರಲ್ಲಿ ಜೋಸೆಫ್ ಬೆದಿಯೆ ಕಟುವಾಗಿ ಖಂಡಿಸಿದ.

ಮೂಲದ ಮಾತು ಹಾಗಿರಲಿ, ಎರಡೂ ಪರಂಪರೆಗಳು ಒಂದೇ ಊರಿನಲ್ಲಿ ಒಂದೇ ವರ್ಷ ಎದುರುಬದುರಾದದ್ದಕ್ಕೆ ದಾಖಲೆಯಿದೆ. 1313ರ ಪೆಂಟೆಕೋಸ್ಟ್ ಸಮಯದಲ್ಲಿ ಫ್ರಾನ್ಸಿನ ದೊರೆ ನಾಲ್ಕನೆಯ ಫಿಲಿಪ್ ತನ್ನ ಮಕ್ಕಳಿಗೆ ನೈಟ್ ಪದವಿ ನೀಡುವ ಸಂದರ್ಭದಲ್ಲಿ ಪ್ಯಾರಿಸ್ಸಿನ ಜನ ಬೀದಿಗಳಲ್ಲಿ ಪ್ರದರ್ಶನಗಳನ್ನು ಏರ್ಪಡಿಸಿದರು. ಅವುಗಳಲ್ಲಿ ಒಂದು ರೆನಾರ್‌ನ ಜೀವನ, ಪಾದ್ರಿಯಿಂದ ಬಿಷಪ್, ಬಿಷಪ್‌ನಿಂದ ಪೋಪ್ ಆಗಿ ಏರುತ್ತಾ ಉದ್ದಕ್ಕೂ ಕೋಳಿ ತಿನ್ನುವ ನರಿಯದು. ಅದೇ ವರ್ಷ ರೇಮಂಡ್ ದ ಬೆಜಿಯೇ ಎಂಬ ವೈದ್ಯ ಅದೇ ದೊರೆಗೆ ಒಂದು ಸಚಿತ್ರ ಲ್ಯಾಟಿನ್ ಹಸ್ತಪ್ರತಿಯನ್ನು ಅರ್ಪಿಸಿದ. ಅದು ‘ಕಲೀಲ ವ ದಿಮ್ನ’ದ ಅನುವಾದ, ಎಂದರೆ ಪಂಚತಂತ್ರದ ದೂರದ ಸಂತತಿ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಇಂದಿಗೂ ಉಳಿದಿರುವ ಆ ಪ್ರತಿಯಲ್ಲಿ ಪ್ರಾಣಿಕಥೆಗಳ ಜೊತೆಗೆ ಆ ಉತ್ಸವದ ಚಿತ್ರಗಳೂ ಇವೆ.